ಕೊನೆಗೆ ಮಾರುವವರು ಯಾರು?

ನಿವೃತ್ತರಾದ ಮೇಲೆ ಹೊರದೇಶದಲ್ಲೊಂದು ಮನೆ ಕೊಳ್ಳಬೇಕೆ ಬೇಡವೆ ಎಂದು ಕೇಳಿಕೊಂಡು ಬರುವವರಿಗೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಆ ಮನೆಯನ್ನು ಕೊನೆಗೆ ಮಾರುವವರು ಯಾರು? ಬೆಲೆ, ಬಾಡಿಗೆ, ವೀಸಾ ಎಲ್ಲ ಆಮೇಲಿನ ಮಾತು. ಮೂವತ್ತೈದಕ್ಕೆ ಕೊಂಡ ಮನೆಯನ್ನು ಕೊಂಡವರೇ ಮಾರಿ ಇನ್ನೊಂದು ಕೊಂಡಾರು. ಅರವತ್ತು ದಾಟಿ ಕೊಂಡ ಮನೆಯನ್ನು ಬಹುಮಟ್ಟಿಗೆ ಬೇರೆಯವರೇ ಮಾರಬೇಕಾಗುತ್ತದೆ. ಅದು ಒಂಟಿಯಾಗಿ ಉಳಿದ ಹೆಂಡತಿ ಇರಬಹುದು, ಗಂಡ ಇರಬಹುದು, ಅಷ್ಟರಲ್ಲಿ ಮತ್ತಾವುದೋ ದೇಶ ಸೇರಿದ ಮಕ್ಕಳಿರಬಹುದು. ಅವರ ಕಣ್ಣಿನಿಂದ ಒಮ್ಮೆ ನೋಡಿದರೆ ಎಷ್ಟೋ ಗೊಂದಲ ತಾನಾಗಿ ಕರಗುತ್ತದೆ.

ನಾನು ದೊಡ್ಡಬಳ್ಳಾಪುರದವಳು. ಮಗ್ಗದ ಸದ್ದಿನ ಮನೆಯಲ್ಲಿ ಬೆಳೆದು, ಸರ್ಕಾರಿ ಬ್ಯಾಂಕು ಸೇರಿ, ಸರ್ವೀಸಿನ ಬಹುಪಾಲನ್ನು ಬೆಂಗಳೂರಿನ ಶಾಖೆಯೊಂದರ ವಿದೇಶಿ ವಿನಿಮಯ ವಿಭಾಗದಲ್ಲಿ ಕಳೆದೆ. ಹಾಗಾಗಿ ನಿವೃತ್ತಳಾದ ಮೇಲೂ ಜನ ಕೇಳಲು ಬರುತ್ತಾರೆ. ಮೊದಲೆಲ್ಲ ಮಕ್ಕಳ ಓದಿಗೆ ಡಾಲರ್ ಕಳಿಸುವುದು ಹೇಗೆ ಎಂದು ಕೇಳುತ್ತಿದ್ದರು. ಈಗೀಗ ಮನೆಯ ಮಾತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮ ಕಡೆಯ ರಾಗಿ ಹೊಲಕ್ಕೂ ದ್ರಾಕ್ಷಿ ತೋಟಕ್ಕೂ ಯಾರೂ ಎಣಿಸದಿದ್ದ ಬೆಲೆ ಬಂತು. ಜಮೀನು ಮಾರಿದವರಲ್ಲಿ ಮೇಷ್ಟರಿದ್ದಾರೆ, ಕೆಇಬಿಯಲ್ಲಿದ್ದು ನಿವೃತ್ತರಾದವರಿದ್ದಾರೆ, ರೇಷ್ಮೆ ಇಲಾಖೆಯವರಿದ್ದಾರೆ. ಅವರ ಮಕ್ಕಳು ಅದೇ ನಿಲ್ದಾಣದಿಂದ ವಿಮಾನ ಹತ್ತಿ ದುಬೈ, ಸಿಂಗಪುರ, ಟೊರೊಂಟೊ, ಸಿಡ್ನಿ ಸೇರಿದ್ದಾರೆ. "ಅಕ್ಕ, ಮಗಳಿರೋ ಊರಲ್ಲೇ ಒಂದು ಫ್ಲ್ಯಾಟ್ ತಗೊಂಡ್ಬಿಟ್ರೆ ಹೆಂಗೆ? ಮೂರು ತಿಂಗಳು ಅಲ್ಲಿ, ಒಂಬತ್ತು ತಿಂಗಳು ಇಲ್ಲಿ" ಅನ್ನುತ್ತಾರೆ. ಈ ಆಸೆಯನ್ನು ನಾನು ಹಗುರವಾಗಿ ಕಾಣುವವಳಲ್ಲ. ಮೊಮ್ಮಕ್ಕಳ ಹತ್ತಿರ ಇರಬೇಕು, ಆದರೆ ಅಳಿಯನ ಮನೆಯಲ್ಲಿ ತಿಂಗಳುಗಟ್ಟಲೆ ಇರಬಾರದು ಎನ್ನುವ ಮರ್ಯಾದೆಯ ಲೆಕ್ಕಾಚಾರ ಅದರೊಳಗಿದೆ.

ನಮ್ಮ ಮನೆಯಲ್ಲೂ ಇದೇ ಮಾತು ನಡೆದಿತ್ತು. ಮಗಳು ದುಬೈಯಲ್ಲಿದ್ದಾಳೆ. ವಿಮಾನದಲ್ಲಿ ಸುಮಾರು ನಾಲ್ಕು ಗಂಟೆ. "ಅಮ್ಮ, ನೀವಿಬ್ರೂ ಬಂದಾಗ ನಿಮ್ದೇ ಅಂತ ಒಂದು ಮನೆ ಇರ್ಲಿ" ಎಂದು ಅವಳೇ ಒಂದು ಬೆಡ್‌ರೂಮಿನ ಫ್ಲ್ಯಾಟು ನೋಡಿದಳು. ಬೆಲೆ 12 ಲಕ್ಷ ದಿರ್ಹಮ್. ರಾಜಘಟ್ಟದ ಕಡೆ ನಮ್ಮ ಯಜಮಾನರ ಪಾಲಿಗೆ ಬಂದ ಜಮೀನನ್ನು ಕೇಳಿಕೊಂಡು ಬಂದವರೂ ಇದ್ದರು. ಇಬ್ಬರೂ ಕೂತು ಲೆಕ್ಕ ಹಾಕಿದೆವು. ಆ ಲೆಕ್ಕವನ್ನೇ ಇಲ್ಲಿ ಬಿಡಿಸಿ ಇಡುತ್ತೇನೆ, ಏಕೆಂದರೆ ಮನೆ ತೋರಿಸುವ ಏಜೆಂಟರು ಇದನ್ನು ಪೂರ್ತಿಯಾಗಿ ಹೇಳುವುದನ್ನು ನಾನು ಕೇಳಿಲ್ಲ.

ದಿರ್ಹಮ್ ಡಾಲರಿಗೆ ಕಟ್ಟಿಹಾಕಿದ ನಾಣ್ಯ. ಒಂದು ಡಾಲರಿಗೆ 3.6725 ದಿರ್ಹಮ್, 1997ರಿಂದ ಅದೇ ದರ. ಡಾಲರು 90 ರೂಪಾಯಿ ಎಂದು ಹಿಡಿದರೆ ಒಂದು ದಿರ್ಹಮಿಗೆ ಸುಮಾರು ಇಪ್ಪತ್ನಾಲ್ಕೂವರೆ ರೂಪಾಯಿ. 12 ಲಕ್ಷ ದಿರ್ಹಮ್ ಎಂದರೆ ಹತ್ತಿರ ಹತ್ತಿರ 2 ಕೋಟಿ 94 ಲಕ್ಷ ರೂಪಾಯಿ, ಡಾಲರಿನಲ್ಲಿ ಸುಮಾರು 3,27,000. ಭಾರತದಲ್ಲಿ ವಾಸವಿರುವ ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಹೊರಗೆ ಕಳಿಸಬಹುದಾದದ್ದು 2,50,000 ಡಾಲರ್. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಎನ್ನುವ ಈ ಏರ್ಪಾಡು 2004ರಲ್ಲಿ 25,000 ಡಾಲರಿನಿಂದ ಶುರುವಾಗಿ ಬೆಳೆದದ್ದು. ಒಬ್ಬರ ಮಿತಿಯಲ್ಲಿ ಈ ಮನೆ ಬರುವುದಿಲ್ಲ. ಗಂಡ ಹೆಂಡತಿ ಇಬ್ಬರೂ ತಮ್ಮ ತಮ್ಮ ಪ್ಯಾನ್ ಮೇಲೆ, ತಮ್ಮ ತಮ್ಮ ಖಾತೆಯಿಂದ ಕಳಿಸಿ ಜಂಟಿ ಮಾಲೀಕರಾಗಬೇಕು. ಇಲ್ಲವೇ ಮಾರ್ಚಿಯಲ್ಲಿ ಒಂದಷ್ಟು, ಏಪ್ರಿಲ್‌ನಲ್ಲಿ ಒಂದಷ್ಟು ಎಂದು ಎರಡು ವರ್ಷದ ಮಿತಿಯನ್ನು ಬಳಸಬೇಕು. ಹೀಗೆ ಕಳಿಸಲು ಇಲ್ಲಿನ ಬ್ಯಾಂಕು ಸಾಲ ಕೊಡುವಂತಿಲ್ಲ. ದುಡ್ಡು ಕೈಯಲ್ಲೇ ಇರಬೇಕು.

ಆಮೇಲೆ ಟಿಸಿಎಸ್. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿ ಮನೆ ಕೊಳ್ಳಲು ಕಳಿಸುವ ಹಣಕ್ಕೆ ಬ್ಯಾಂಕು ಶೇಕಡಾ 20ರಷ್ಟನ್ನು ಮೇಲೆ ಹಿಡಿದು ಸರ್ಕಾರಕ್ಕೆ ಕಟ್ಟುತ್ತದೆ. ನಾವು ಅರ್ಧರ್ಧ ಕಳಿಸಿದ್ದರೆ ತಲಾ 1 ಕೋಟಿ 47 ಲಕ್ಷ. ಅದರಲ್ಲಿ 10 ಲಕ್ಷ ಕಳೆದು, ಉಳಿದದ್ದಕ್ಕೆ ಶೇಕಡಾ 20 ಎಂದರೆ 27 ಲಕ್ಷ 40 ಸಾವಿರ. ಇಬ್ಬರದೂ ಸೇರಿ ಸುಮಾರು 55 ಲಕ್ಷ. ಇದು ಹೆಚ್ಚುವರಿ ತೆರಿಗೆ ಅಲ್ಲ, ರಿಟರ್ನ್ ಹಾಕಿದಾಗ ನಮ್ಮ ತೆರಿಗೆಗೆ ಹೊಂದಿಸಿಕೊಂಡು ಉಳಿದದ್ದನ್ನು ವಾಪಸು ಪಡೆಯಬಹುದು. ಪಿಂಚಣಿದಾರರಿಗೆ ಕಟ್ಟಬೇಕಾದ ತೆರಿಗೆ ಅಷ್ಟಿರುವುದಿಲ್ಲವಾದ್ದರಿಂದ ಹೆಚ್ಚುಕಡಿಮೆ ಪೂರ್ತಿ ವಾಪಸು ಬರುತ್ತದೆ. ಆದರೆ ಬರುವವರೆಗೆ 55 ಲಕ್ಷ ನಮ್ಮ ಕೈ ಬಿಟ್ಟಿರುತ್ತದೆ. ದುಬೈಯ ಭೂ ಇಲಾಖೆಗೆ ಬೆಲೆಯ ಶೇಕಡಾ 4 ನೋಂದಣಿ ಶುಲ್ಕ, ನಮ್ಮ ಲೆಕ್ಕಕ್ಕೆ ಸುಮಾರು 11 ಲಕ್ಷ 75 ಸಾವಿರ ರೂಪಾಯಿ. ಜೊತೆಗೆ ದಲ್ಲಾಳಿಯ ಕಮಿಷನ್, ವರ್ಷ ವರ್ಷ ಚದರಡಿ ಲೆಕ್ಕದಲ್ಲಿ ಸರ್ವೀಸ್ ಚಾರ್ಜು. ಪೇಟೆಗೆ ಹೊಂದಿಕೊಂಡ ಜಮೀನನ್ನೋ ಸೈಟನ್ನೋ ಮಾರಿದ ಲಾಭದ ಮೇಲಿನ ತೆರಿಗೆ ಉಳಿಸಲು ಹೊರದೇಶದ ಮನೆ ನೆರವಾಗುವುದಿಲ್ಲ. 2014ರ ಬಜೆಟ್ಟಿನಲ್ಲಿ ಆ ವಿನಾಯಿತಿಯನ್ನು ಭಾರತದೊಳಗಿನ ಮನೆಗೆ ಮಾತ್ರ ಸೀಮಿತಗೊಳಿಸಿದರು.

"ಇಲ್ಲಿ ಕ್ಯಾಶ್ ಕೊಟ್ಟುಬಿಡಿ, ಅಲ್ಲಿ ನಾವು ನೋಡ್ಕೋತೀವಿ" ಎನ್ನುವವರೂ ಸಿಗುತ್ತಾರೆ. ಅವರ ಜೊತೆ ಕಾಫಿ ಕುಡಿಯಲೂ ಕೂರಬೇಡಿ. ವಿದೇಶಿ ವಿನಿಮಯದ ಫೆಮಾ ಕಾನೂನು ಮೀರಿ ಹೊರಗೆ ಆಸ್ತಿ ಮಾಡಿದರೆ, ಅಷ್ಟೇ ಬೆಲೆಯ ಇಲ್ಲಿನ ಆಸ್ತಿಯನ್ನು ವಶಪಡಿಸಿಕೊಳ್ಳುವ ಅಧಿಕಾರ ಜಾರಿ ನಿರ್ದೇಶನಾಲಯಕ್ಕೆ ಇದೆ. ಸರಿಯಾದ ದಾರಿಯಲ್ಲಿ ಕೊಂಡವರೂ ಪ್ರತಿವರ್ಷ ಆದಾಯ ತೆರಿಗೆ ರಿಟರ್ನಿನ ವಿದೇಶಿ ಆಸ್ತಿಯ ಪಟ್ಟಿಯಲ್ಲಿ ಆ ಮನೆಯನ್ನು ತೋರಿಸಲೇಬೇಕು. ಬಿಟ್ಟರೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ದಂಡಕ್ಕೆ ಅವಕಾಶವಿದೆ. "ದುಬೈನಲ್ಲಿ ಟ್ಯಾಕ್ಸೇ ಇಲ್ಲ" ಎನ್ನುವ ಮಾತು ಬಾಡಿಗೆಯ ಆದಾಯಕ್ಕೆ, ದುಬೈಯ ಮಟ್ಟಿಗೆ ನಿಜ. ಇಲ್ಲಿ ವಾಸವಿರುವ ನಮಗೆ ಅಲ್ಲಿಂದ ಬರುವ ಬಾಡಿಗೆಗೆ ಇಲ್ಲಿ ತೆರಿಗೆ ಉಂಟು.

ನಿಯಮಗಳು ಕಾಲಕಾಲಕ್ಕೆ ಬದಲಾಗುತ್ತವೆ ಎನ್ನುವುದನ್ನು ಪುಸ್ತಕದಿಂದ ಕಲಿತದ್ದಲ್ಲ ನಾನು. 2013ರಲ್ಲಿ ರೂಪಾಯಿ ಕುಸಿಯುತ್ತಿದ್ದಾಗ ಆಗಸ್ಟ್ ತಿಂಗಳ ಮಧ್ಯದಲ್ಲಿ ಎಲ್‌ಆರ್‌ಎಸ್ ಮಿತಿಯನ್ನು 2,00,000 ಡಾಲರಿನಿಂದ 75,000ಕ್ಕೆ ಇಳಿಸಿದರು, ಹೊರದೇಶದಲ್ಲಿ ಮನೆ ಕೊಳ್ಳುವುದಕ್ಕೆ ಆ ದಾರಿಯನ್ನೇ ಮುಚ್ಚಿದರು. ಮುಂಗಡ ಕೊಟ್ಟು ಬಾಕಿ ಕಂತು ಕಳಿಸಲು ಬಂದವರು ನಮ್ಮ ಕೌಂಟರಿನ ಮುಂದೆ ನಿಂತಿದ್ದ ಬಗೆ ನನಗೆ ಈಗಲೂ ಮರೆತಿಲ್ಲ. ಮರುವರ್ಷ ದಾರಿ ತೆರೆಯಿತು, ಅಷ್ಟರಲ್ಲಿ ಅವರು ಪಟ್ಟ ಪಾಡು ಅವರಿಗೇ ಗೊತ್ತು. ಹಾಗಾಗಿ ಇನ್ನೂ ಕಟ್ಟುತ್ತಿರುವ ಮನೆಗೆ ವರ್ಷಗಟ್ಟಲೆ ಕಂತು ಕಳಿಸುತ್ತೇವೆಂದು ಒಪ್ಪಂದ ಮಾಡಿಕೊಳ್ಳುವ ನಿವೃತ್ತರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಆ ಕಡೆಯ ಸರ್ಕಾರಗಳೂ ಹಾಗೆಯೇ. ಕೆನಡಾ 2023ರ ಜನವರಿಯಿಂದ ವಿದೇಶಿಯರು ವಾಸದ ಮನೆ ಕೊಳ್ಳುವುದನ್ನು ತಡೆದು, ತಡೆಯನ್ನು 2027ರ ಜನವರಿ 1ರವರೆಗೆ ವಿಸ್ತರಿಸಿತು. ಆಸ್ಟ್ರೇಲಿಯಾ 2025ರ ಏಪ್ರಿಲ್‌ನಿಂದ ಎರಡು ವರ್ಷ, ಈಗಾಗಲೇ ಕಟ್ಟಿರುವ ಮನೆಗಳನ್ನು ವಿದೇಶಿಯರಿಗೆ ಮಾರದಂತೆ ಮಾಡಿದೆ. ಸಿಂಗಪುರದಲ್ಲಿ ವಿದೇಶಿಯರು ಮನೆಯ ಬೆಲೆಯ ಶೇಕಡಾ 60ರಷ್ಟು ಹೆಚ್ಚುವರಿ ಮುದ್ರಾಂಕ ಶುಲ್ಕ ಕಟ್ಟಬೇಕು. ಮನೆ ಕೊಂಡರೆ ವಾಸದ ಪರವಾನಗಿ ಕೊಡುತ್ತಿದ್ದ ಪೋರ್ಚುಗಲ್ 2023ರಲ್ಲಿ, ಸ್ಪೇನ್ 2025ರಲ್ಲಿ ಅದನ್ನು ನಿಲ್ಲಿಸಿದವು. ಅಮೆರಿಕದಲ್ಲಿ ನಮ್ಮಂಥವರು ಕೊಳ್ಳಬಹುದು, ಆದರೆ ಮನೆ ಇದೆ ಎಂದು ವೀಸಾ ಸಿಗದು. ಇನ್ನೊಂದು ಸಂಗತಿ ಅಲ್ಲಿ ಮಕ್ಕಳಿರುವ ತಂದೆತಾಯಿಗೆ ತಿಳಿದೇ ಇರುವುದಿಲ್ಲ. ಅಮೆರಿಕದ ನಿವಾಸಿಯಲ್ಲದ ವಿದೇಶಿಯರು ತೀರಿಕೊಂಡರೆ ಅಲ್ಲಿನ ಅವರ ಆಸ್ತಿಯಲ್ಲಿ 60,000 ಡಾಲರ್ ಮೀರಿದ್ದಕ್ಕೆ ಶೇಕಡಾ 40ರವರೆಗೂ ಎಸ್ಟೇಟ್ ತೆರಿಗೆ ಬೀಳುತ್ತದೆ. ಮಗನಿರುವ ಊರಿನಲ್ಲಿ ಅಪ್ಪನ ಹೆಸರಿನಲ್ಲಿ ಮನೆ ಕೊಳ್ಳುವ ಮುನ್ನ ಇದನ್ನು ತಿಳಿದಿರಬೇಕು.

ದುಬೈ ಈ ವಿಷಯದಲ್ಲಿ ಉದಾರಿ. 2006ರ ಕಾನೂನಿನಿಂದ ಗೊತ್ತುಪಡಿಸಿದ ಬಡಾವಣೆಗಳಲ್ಲಿ ವಿದೇಶಿಯರಿಗೆ ಪೂರ್ಣ ಮಾಲೀಕತ್ವ ಇದೆ. 20 ಲಕ್ಷ ದಿರ್ಹಮ್ ಬೆಲೆಯ ಆಸ್ತಿ ಇದ್ದವರಿಗೆ ಹತ್ತು ವರ್ಷದ ಗೋಲ್ಡನ್ ವೀಸಾ, 55 ದಾಟಿದವರಿಗೆ ಆದಾಯ, ಉಳಿತಾಯ ಅಥವಾ ಆಸ್ತಿಯ ಆಧಾರದ ಮೇಲೆ ಐದು ವರ್ಷದ ನಿವೃತ್ತಿ ವೀಸಾ ಇದೆ. 2008ರ ಆರಂಭದಲ್ಲಿ 40 ರೂಪಾಯಿ ಆಸುಪಾಸಿನಲ್ಲಿದ್ದ ಡಾಲರು 2025ರ ಡಿಸೆಂಬರಿನಲ್ಲಿ 90 ದಾಟಿತು. ದಿರ್ಹಮಿನಲ್ಲಿ ಮನೆಯ ಬೆಲೆ ಏರದಿದ್ದರೂ ರೂಪಾಯಿ ಲೆಕ್ಕದಲ್ಲಿ ದುಪ್ಪಟ್ಟಾಗಿದೆ. ಇದು ಸಣ್ಣ ಲಾಭವಲ್ಲ, ಒಪ್ಪುತ್ತೇನೆ. ಅದೇ 2008ರ ಕೊನೆಗೆ ದುಬೈಯಲ್ಲಿ ಮನೆಗಳ ಬೆಲೆ ಭಾರಿ ಕುಸಿಯಿತು ಎನ್ನುವುದೂ ನಿಜ. ಅದು ಚೇತರಿಸಿಕೊಳ್ಳುವವರೆಗೆ ನಲವತ್ತರ ಹರೆಯದವರು ಕಾಯಬಲ್ಲರು. ಎಪ್ಪತ್ತರಲ್ಲಿ ಕಾಯುವ ಕಾಲ ಅಷ್ಟು ಧಾರಾಳವಾಗಿರುವುದಿಲ್ಲ.

ಈಗ ಮೊದಲ ಪ್ರಶ್ನೆಗೆ ಬರುತ್ತೇನೆ. ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ, ಸ್ಟೆಂಟೂ ಇದೆ. ಈ ಮಾತನ್ನು ನಾವಿಬ್ಬರೂ ಬಾಯಿಬಿಟ್ಟು ಆಡಿದೆವು: ನಮ್ಮಲ್ಲಿ ಒಬ್ಬರು ಹೋದರೆ ಉಳಿದವರು ದುಬೈಯ ಅರ್ಧ ಮನೆಯನ್ನು ಹೇಗೆ ಬಿಡಿಸಿಕೊಳ್ಳುತ್ತಾರೆ? ದೊಡ್ಡಬಳ್ಳಾಪುರದ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದ ಕನ್ನಡದ ವಿಲ್ಲು ಅಲ್ಲಿನ ಭೂ ಇಲಾಖೆಗೆ ನೇರವಾಗಿ ಸಾಗದು. ಸ್ಥಿರಾಸ್ತಿ ಯಾವ ನೆಲದಲ್ಲಿದೆಯೋ ಆ ನೆಲದ ಕಾನೂನಿಗೆ ಒಳಪಟ್ಟಿರುತ್ತದೆ. 2023ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಯುಎಇ ಕಾನೂನಿನಂತೆ, ಮುಸ್ಲಿಮೇತರರು ವಿಲ್ಲಿಲ್ಲದೆ ತೀರಿಕೊಂಡರೆ ಆಸ್ತಿಯಲ್ಲಿ ಅರ್ಧ ಗಂಡ ಅಥವಾ ಹೆಂಡತಿಗೆ, ಅರ್ಧ ಮಕ್ಕಳಿಗೆ ಸಮನಾಗಿ. ನಮ್ಮ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಗಂಡಸೊಬ್ಬ ವಿಲ್ಲಿಲ್ಲದೆ ತೀರಿಕೊಂಡರೆ ಹೆಂಡತಿ, ಮಕ್ಕಳ ಜೊತೆ ಅವನ ತಾಯಿಗೂ ಸಮಪಾಲು. ನಮ್ಮತ್ತೆ ಈಗಲೂ ಇದ್ದಾರೆ. ಯಾವ ಕಾನೂನು ಅನ್ವಯವಾಗಬೇಕು ಎನ್ನುವುದೇ ಅಲ್ಲಿನ ವಕೀಲರ ಮುಂದೆ ಹೋಗಿ ನಿಲ್ಲುವ ಪ್ರಶ್ನೆಯಾಗುತ್ತದೆ. ಇದನ್ನು ತಪ್ಪಿಸಲು ದುಬೈಯಲ್ಲಿಯೇ, 2015ರಿಂದ ಇರುವ ಡಿಐಎಫ್‌ಸಿ ವಿಲ್ಲುಗಳ ನೋಂದಣಿ ಕಚೇರಿಯಂಥ ಕಡೆ, ಬೇರೆ ವಿಲ್ಲು ಮಾಡಿಸಬೇಕು.

ಅಷ್ಟಾದರೂ ಕಾಗದದ ಓಡಾಟ ತಪ್ಪದು. ನಗರಸಭೆಯಲ್ಲಿ ಮರಣ ಪ್ರಮಾಣಪತ್ರ ಪಡೆಯಬೇಕು. ಅದಕ್ಕೆ ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ್ದು, ಆಮೇಲೆ ಯುಎಇ ರಾಯಭಾರ ಕಚೇರಿಯದು, ಕೊನೆಗೆ ಅರಬ್ಬಿಗೆ ಅನುವಾದ. ಗಂಡನನ್ನು ಕಳೆದುಕೊಂಡ ವರ್ಷ ಒಬ್ಬ ಹೆಣ್ಣುಮಗಳು ಇದನ್ನೆಲ್ಲ ಮಾಡಬೇಕು. ಬ್ಯಾಂಕಿನಲ್ಲಿದ್ದಾಗ ಇಲ್ಲೇ, ನಮ್ಮ ಊರಿನಲ್ಲೇ, ನಾಮಿನಿ ಹೆಸರಿಲ್ಲದ ಒಂದು ಎಫ್‌ಡಿ ಬಿಡಿಸಿಕೊಳ್ಳಲು ವಿಧವೆಯರು ಎಷ್ಟು ಅಲೆದಿದ್ದಾರೆ ಎನ್ನುವುದನ್ನು ನೋಡಿದ್ದೇನೆ. ಹಾಗಾಗಿ ನನ್ನ ಮಟ್ಟಿಗೆ ತೂಕ ಬಿದ್ದದ್ದು ಇಲ್ಲಿಯೇ, ಟಿಸಿಎಸ್‌ನಲ್ಲಿ ಅಲ್ಲ.

ಮಗಳು ಹತ್ತಿರವೇ ಇರುತ್ತಾಳಲ್ಲ ಎನ್ನಬಹುದು. ಅವಳಿಗೂ ಅಳಿಯನಿಗೂ ಇರುವುದು ಕೆಲಸದ ವೀಸಾ. ಕಂಪನಿ ಬದಲಾದರೆ ಅವರು ನಾಳೆ ಲಂಡನ್ನಿಗೆ ಹೋದಾರು, ವೈಟ್‌ಫೀಲ್ಡಿಗೂ ಬಂದಾರು. ಮಕ್ಕಳ ಹಿಂದೆ ಹೋಗಿ ಮನೆ ಕೊಂಡು, ಮಕ್ಕಳು ಅಲ್ಲಿಂದ ಹೊರಟ ಮೇಲೆ ಖಾಲಿ ಮನೆಗೆ ಸರ್ವೀಸ್ ಚಾರ್ಜು ಕಟ್ಟುತ್ತಿರುವ ದಂಪತಿಯನ್ನು ನಾನು ಬಲ್ಲೆ. ಬಾಡಿಗೆಗೆ ಕೊಟ್ಟಿದ್ದಾರೆ. ಈಗ ತಮಗೇ ಬೇಕೆಂದರೆ ಅಲ್ಲಿನ ಕಾನೂನಿನ ಪ್ರಕಾರ ಬಾಡಿಗೆದಾರರಿಗೆ ಹನ್ನೆರಡು ತಿಂಗಳ ಮುಂಚೆ ನೋಟಿಸು ಕೊಡಬೇಕು. ವರ್ಷದ ಬಾಡಿಗೆಗೆ ಕೊಟ್ಟ ಮನೆ ರಜೆಯ ಮನೆಯಾಗಿ ಉಳಿಯುವುದಿಲ್ಲ ಎನ್ನುವುದು ಅವರಿಗೆ ತಡವಾಗಿ ತಿಳಿಯಿತು.

ಕೊನೆಗೆ ನಾವು ಕೊಳ್ಳಲಿಲ್ಲ. ಮಗಳ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಪಾತ್ರೆಪಗಡ, ಹಾಸಿಗೆ ಸಮೇತ ತಿಂಗಳ ಬಾಡಿಗೆಗೆ ಒಂದು ಮನೆ ಹಿಡಿದೆವು, ತಿಂಗಳಿಗೆ 7,000 ದಿರ್ಹಮ್. ಡಿಸೆಂಬರಿನಿಂದ ಫೆಬ್ರವರಿವರೆಗೆ ಮೂರು ತಿಂಗಳಿಗೆ ಸುಮಾರು 5 ಲಕ್ಷ 15 ಸಾವಿರ ರೂಪಾಯಿ. 2 ಕೋಟಿ 94 ಲಕ್ಷವನ್ನು ಶೇಕಡಾ 7ರ ಬಡ್ಡಿಗೆ ಇಟ್ಟರೆ ತೆರಿಗೆಗೆ ಮುಂಚೆ ವರ್ಷಕ್ಕೆ 20 ಲಕ್ಷದ ಮೇಲೆ ಬರುತ್ತದೆ. ನಾವು ಜಮೀನನ್ನೂ ಮಾರಲಿಲ್ಲ, ಆ ಮಾತು ಬೇರೆ. ಬಾಡಿಗೆಗೆ ಇದ್ದು ನೋಡಿದ್ದರಿಂದ ತಿಳಿದದ್ದೂ ಕೆಲವಿದೆ. ಚಳಿಗಾಲದ ಸಂಜೆ ಹೊರಗೆ ಅಡ್ಡಾಡಲು ಹಿತ, ಮಾರ್ಚಿ ಕಳೆದರೆ ಸೆಕೆ ತಡೆಯಲಾಗದು. ಹಾಗಾಗಿ ಮೂರು ತಿಂಗಳಿಗಿಂತ ಹೆಚ್ಚು ನಾವು ಅಲ್ಲಿರುವವರಲ್ಲ. ಯಜಮಾನರಿಗೆ ಒಂದು ರಾತ್ರಿ ಎದೆ ಹಿಡಿದಂತಾಗಿ ಆಸ್ಪತ್ರೆಗೆ ಹೋದಾಗ, ಇಲ್ಲಿನ ಆರೋಗ್ಯ ವಿಮೆ ಅಲ್ಲಿ ನಡೆಯುವುದಿಲ್ಲವೆಂದೂ, ಪ್ರಯಾಣ ವಿಮೆ ಹಳೆಯ ಕಾಯಿಲೆಯನ್ನು ಹೊರಗಿಡುತ್ತದೆಂದೂ ಮುಂಚೆಯೇ ಓದಿಕೊಂಡಿದ್ದರಿಂದ ಅದಕ್ಕೆಂದೇ ಹಣ ತೆಗೆದಿಟ್ಟಿದ್ದೆವು. ಅದು ಗ್ಯಾಸ್ಟ್ರಿಕ್ ಎಂದು ಗೊತ್ತಾಯಿತು. ಬಿಲ್ಲು ಮಾತ್ರ ಕಟ್ಟಬೇಕಾಯಿತು.

ಇದೇ ಪ್ರಶ್ನೆ ಆ ಕಡೆಯಿಂದ ಈ ಕಡೆಗೂ ಬರುತ್ತದೆ. ನಮ್ಮ ಭಾವನವರೂ ಓರಗಿತ್ತಿಯೂ ಕ್ಯಾಲಿಫೋರ್ನಿಯಾದಲ್ಲಿದ್ದಾರೆ, ಅಮೆರಿಕದ ಪೌರತ್ವ ಪಡೆದು ಒಸಿಐ ಕಾರ್ಡು ಇಟ್ಟುಕೊಂಡವರು. ಅವರ ಪಾಲಿಗೆ ಹೊರದೇಶದ ರಜೆಯ ಮನೆ ಎಂದರೆ ನಂದಿಬೆಟ್ಟ ಕಾಣುವ ಕಡೆ ಒಂದು ತೋಟದ ಮನೆ. ನಾಲ್ಕು ಮಾವಿನ ಗಿಡ, ಒಂದು ಚಕ್ಕೋತ, ಜಗಲಿ. ಕೃಷಿ ಜಮೀನು ಕೊಳ್ಳಲು ಇದ್ದ 79ಎ, 79ಬಿ ನಿರ್ಬಂಧವನ್ನು ಕರ್ನಾಟಕ 2020ರಲ್ಲಿ ತೆಗೆದುಹಾಕಿದೆಯಲ್ಲ, ಈಗ ಯಾರು ಬೇಕಾದರೂ ಕೊಳ್ಳಬಹುದು ಎಂದು ಫಾರ್ಮ್ ಪ್ಲಾಟ್ ಮಾರುವವರು ಅವರಿಗೆ ಹೇಳಿದ್ದರು. ರಾಜ್ಯದ ಕಾನೂನು ಹಾಗಿದ್ದರೂ ಕೇಂದ್ರದ ಫೆಮಾ ಅಡ್ಡ ಬರುತ್ತದೆ. ಅನಿವಾಸಿಗಳೂ ಒಸಿಐಗಳೂ ವಾಸದ ಮನೆ, ವಾಣಿಜ್ಯ ಆಸ್ತಿ ಕೊಳ್ಳಬಹುದು. ಕೃಷಿ ಜಮೀನು, ಪ್ಲಾಂಟೇಷನ್, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಹಿರಿಯರಿಂದ ಬಂದರೆ ಇಟ್ಟುಕೊಳ್ಳಬಹುದು, ಅಷ್ಟೇ.

ಹಾಗಾಗಿ ಕನ್ವರ್ಷನ್ ಆದ ಜಾಗವೇ ಆಗಬೇಕು. ಇಲ್ಲಿ ನಾನು ಕಡ್ಡಾಯವಾಗಿ ನೋಡುವ ಕಾಗದಗಳಿವೆ: ಜಿಲ್ಲಾಧಿಕಾರಿಯ ಭೂಪರಿವರ್ತನೆ ಆದೇಶ, ಹಳೆಯ ಪಹಣಿ, ಮ್ಯುಟೇಷನ್, ಇಸಿ, ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತು. ಅದಕ್ಕೂ ಮೊದಲು ಆ ಜಮೀನು ಮೂಲದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದೇ ಎಂದು ನೋಡಬೇಕು. 1978ರ ಪಿಟಿಸಿಎಲ್ ಕಾಯ್ದೆಯಡಿ ಅನುಮತಿಯಿಲ್ಲದೆ ಅಂಥ ಜಮೀನು ಮಾರಿದ್ದರೆ ಮಾರಾಟ ರದ್ದಾಗಿ ಜಮೀನು ಮಂಜೂರಾದವರಿಗೇ ಮರಳುತ್ತದೆ, ಅದು ನ್ಯಾಯವೂ ಹೌದು. ಸರ್ಕಾರದ ಸ್ವಾಧೀನದ ನೋಟಿಫಿಕೇಷನ್ ಇದೆಯೇ ಎಂದೂ ನೋಡಬೇಕು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಹದಿಮೂರು ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆ ತೆಗೆದುಕೊಳ್ಳುವುದರ ವಿರುದ್ಧ ರೈತರು ಮೂರು ವರ್ಷಕ್ಕೂ ಹೆಚ್ಚು ಹೋರಾಡಿದ ಮೇಲೆ, 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಡುವುದಾಗಿ ಪ್ರಕಟಿಸಿದರು. ಅಲ್ಲಿ ಹುಟ್ಟಿ ಬೆಳೆದವರಿಗೇ ಅಷ್ಟು ವರ್ಷ ನಿದ್ದೆಯಿರಲಿಲ್ಲ. ಸಾವಿರಾರು ಮೈಲಿ ದೂರದಿಂದ ಒಬ್ಬರು ಇಂಥದನ್ನು ಹೇಗೆ ನಿಭಾಯಿಸುತ್ತಾರೆ?

ಭಾವನವರು ಕೊನೆಗೆ ದೇವನಹಳ್ಳಿ ಕಡೆ ಗೇಟಿನೊಳಗಿನ ಬಡಾವಣೆಯಲ್ಲಿ ಒಂದು ಮನೆ ಕೊಂಡರು. ಅದರ ಬೀಗದ ಕೈ ನಮ್ಮಲ್ಲಿದೆ. ಅವರು ಬರುವುದು ಡಿಸೆಂಬರಿನಲ್ಲಿ, ಘಾಟಿ ಸುಬ್ರಹ್ಮಣ್ಯದ ಜಾತ್ರೆಯ ಹೊತ್ತಿಗೆ. ಅದಕ್ಕೆ ಒಂದು ವಾರ ಮುಂಚೆ ನಾನೂ ಕೆಲಸದಾಕೆಯೂ ಹೋಗಿ ಬಾಗಿಲು ತೆಗೆದರೆ ಮುಗ್ಗಲು ವಾಸನೆ ಮುಖಕ್ಕೆ ಹೊಡೆಯುತ್ತದೆ. ಬಾಲ್ಕನಿಯ ತುಂಬ ಪಾರಿವಾಳದ ಹಿಕ್ಕೆ. ಯುಪಿಎಸ್ ಬ್ಯಾಟರಿ ಸತ್ತಿರುತ್ತದೆ. ನಲ್ಲಿ ತಿರುಗಿಸಿದರೆ ಮೊದಲು ಗಾಳಿ, ಆಮೇಲೆ ಕೆಂಪು ನೀರು. ಹೋದ ವರ್ಷ ಇಲಿ ಚಿಮಣಿಯ ವೈರು ಕಡಿದಿತ್ತು. ಓರಗಿತ್ತಿ ಬಂದವರು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುವಾಗ ಅವರ ಮುಖ ನೋಡಿದರೆ ಈ ಮನೆ ಕೊಂಡದ್ದು ಸರಿ ಅನಿಸುತ್ತದೆ. ಅವರ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಓದಲು ಬರದು. ಇ-ಸ್ವತ್ತಿನ ಕಾಗದ, ಹಳೆಯ ಪಹಣಿ ಎಲ್ಲ ಕನ್ನಡದಲ್ಲಿವೆ. ಮಾರುವವರು ಅನಿವಾಸಿಯಾದರೆ ಕೊಳ್ಳುವವರು ಮೂಲದಲ್ಲೇ ಮುರಿದುಕೊಳ್ಳಬೇಕಾದ ತೆರಿಗೆ ಸ್ಥಳೀಯರ ಮಾರಾಟದ ಹಾಗೆ ಶೇಕಡಾ 1 ಅಲ್ಲ, ಬಹಳ ಹೆಚ್ಚು. ಅದನ್ನು ಕಡಿಮೆ ಮಾಡಿಸಲು ಆದಾಯ ತೆರಿಗೆ ಇಲಾಖೆಯಿಂದ ಮುಂಚಿತವಾಗಿ ಪ್ರಮಾಣಪತ್ರ ತರಬೇಕು. ಬಂದ ಹಣವನ್ನು ಎನ್‌ಆರ್‌ಒ ಖಾತೆಯಿಂದ ವರ್ಷಕ್ಕೆ 10 ಲಕ್ಷ ಡಾಲರಿನ ಮಿತಿಯಲ್ಲಿ ಹೊರಗೆ ಒಯ್ಯಬಹುದು. ಇದನ್ನೆಲ್ಲ ಇಂಗ್ಲಿಷಿನಲ್ಲಿ ಬರೆದು, ಯಾವ ಕಾಗದ ಯಾವುದಕ್ಕೆ ಎಂದು ಗುರುತು ಹಾಕಿ, ಒಂದು ಫೈಲು ಮಾಡಿ ಅವರ ಮಗಳ ಕೈಗೆ ಕೊಟ್ಟಿದ್ದೇನೆ. ಭಾವನವರು ಇಲ್ಲಿನ ಆಸ್ತಿಗೆಂದೇ ಬೆಂಗಳೂರಿನಲ್ಲಿ ಪ್ರತ್ಯೇಕ ವಿಲ್ಲು ಮಾಡಿಸಿದರು.

ಹಾಗಾದರೆ ಯಾರು ಕೊಳ್ಳಬಹುದು? ಮಗಳಿಗೋ ಮಗನಿಗೋ ಆ ದೇಶದ ಪೌರತ್ವವೋ ಕಾಯಂ ವಾಸದ ಹಕ್ಕೋ ಇದ್ದು, ಮನೆ ಅವರ ಹೆಸರಿನಲ್ಲಿ ಅಥವಾ ಅವರ ಜೊತೆ ಜಂಟಿಯಾಗಿ ಇದ್ದು, ಇಲ್ಲಿನ ಔಷಧಿ, ಆಸ್ಪತ್ರೆ, ಮನೆ ಖರ್ಚಿಗೆ ಬೇಕಾದ ಹಣವನ್ನು ಮುಟ್ಟದೆ ಕೊಳ್ಳುವ ಶಕ್ತಿ ಇದ್ದರೆ ಕೊಳ್ಳಿ ಎನ್ನುತ್ತೇನೆ. ಕೊಂಡರೆ ಕಟ್ಟಿ ಮುಗಿದ, ಜನ ವಾಸವಿರುವ ಕಟ್ಟಡದಲ್ಲಿ ಕೊಳ್ಳಿ. ಎರಡು ಚಳಿಗಾಲ ಅದೇ ಬೀದಿಯಲ್ಲಿ ಬಾಡಿಗೆಗೆ ಇದ್ದು ನೋಡದೆ ಮುಂಗಡ ಕೊಡಬೇಡಿ. ಮಕ್ಕಳನ್ನು ಎದುರು ಕೂರಿಸಿಕೊಂಡು, ನಮ್ಮ ನಂತರ ಇದನ್ನು ಇಟ್ಟುಕೊಳ್ಳುತ್ತೀರೋ ಮಾರುತ್ತೀರೋ ಎಂದು ನೇರವಾಗಿ ಕೇಳಿ. ನಮ್ಮ ಮಗಳಿಗೆ ಕೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾರ್ತೀನಮ್ಮ" ಎಂದಳು. ಆ ಉತ್ತರ ಕೇಳಿದ ಮೇಲೆ ನಮಗೆ ತೀರ್ಮಾನ ಕಷ್ಟವಾಗಲಿಲ್ಲ. ಈ ಡಿಸೆಂಬರಿಗೂ ಅದೇ ಕಟ್ಟಡದಲ್ಲಿ ಮನೆ ಗೊತ್ತುಮಾಡಿದ್ದಾಳೆ, ಈ ಸಲ ಯಜಮಾನರಿಗೆ ಹತ್ತಿಳಿಯುವ ಶ್ರಮ ಬೇಡವೆಂದು ಕೆಳಗಿನ ಮಹಡಿಯಲ್ಲಿ.